ಸಹಿ ಹಾಕುವ ಅಧಿಕಾರ ಇಲ್ಲದವನ ಕೆಲಸ

ನಗರಸಭೆ ಸದಸ್ಯರ ಮನೆ ಬಾಗಿಲಿಗೆ ಬರುವ ಅಹವಾಲುಗಳಲ್ಲಿ ಎಷ್ಟೋ ನಗರಸಭೆಗೆ ಸೇರಿದ್ದೇ ಅಲ್ಲ. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಬೇಕು ಅಂದರೆ ಅದು ಆಹಾರ ಇಲಾಖೆ. ವಿಧವಾ ವೇತನ ನಿಂತಿದ್ದರೆ ತಹಶೀಲ್ದಾರ್ ಕಚೇರಿ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಿದ್ಯುತ್ ಕಂಪನಿ. "ಇದು ನನಗೆ ಬರಲ್ಲ ಕಣಮ್ಮ" ಅಂದುಬಿಟ್ಟರೆ ಆ ಮನೆಯ ಓಟು ಹೋಯಿತೆಂದೇ ಲೆಕ್ಕ. ಹಾಗಾಗಿ ಫೋನ್ ಮಾಡುತ್ತೇವೆ, ಅರ್ಜಿ ಬರೆದುಕೊಡುತ್ತೇವೆ, ಒಮ್ಮೊಮ್ಮೆ ಜೊತೆಗೂ ಹೋಗುತ್ತೇವೆ.

ನಮ್ಮದೇ ಅನ್ನಿಸಿಕೊಂಡ ಚರಂಡಿ, ಕಸ, ಬೀದಿದೀಪ, ನೀರು, ಖಾತೆ ವಿಷಯದಲ್ಲೂ ಸದಸ್ಯನ ಕೈಯಲ್ಲಿ ಸಹಿ ಇಲ್ಲ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಡಿ ಕೆಲಸ ಮಾಡಿಸುವವರು, ಬಿಲ್ ಪಾಸು ಮಾಡುವವರು ಪೌರಾಯುಕ್ತರು, ಅಂದರೆ ಸರ್ಕಾರ ನೇಮಿಸಿದ ಅಧಿಕಾರಿ. ನಮಗಿರುವುದು ಸಾಮಾನ್ಯ ಸಭೆಯಲ್ಲಿ ಒಂದು ಮತ. ಆ ಮತಕ್ಕೆ ನಿಜವಾದ ಬೆಲೆ ಬರುವುದು ಅನುದಾನದ ಕ್ರಿಯಾ ಯೋಜನೆ, ಅಂದರೆ ಆ ದುಡ್ಡಲ್ಲಿ ಮಾಡುವ ಕಾಮಗಾರಿಗಳ ಪಟ್ಟಿ, ಸಭೆಯ ಮುಂದೆ ಬಂದ ದಿನ. ಅವತ್ತಿನ ಪಟ್ಟಿಯಲ್ಲಿ ನಿಮ್ಮ ಬೀದಿಯ ಚರಂಡಿ ಇಲ್ಲದಿದ್ದರೆ, ಆಮೇಲೆ ಎಷ್ಟು ಕೂಗಾಡಿದರೂ ಆ ಸಾಲಿನಲ್ಲಿ ಅದು ಸೇರುವುದು ಕಷ್ಟ. ಪಟ್ಟಿಯಲ್ಲಿದ್ದರೂ ಜಿಲ್ಲಾಧಿಕಾರಿಗಳ ಅನುಮೋದನೆ, ಎಸ್ಟಿಮೇಟ್, ಟೆಂಡರ್, ವರ್ಕ್ ಆರ್ಡರ್ ಇಷ್ಟೂ ದಾಟಿ ಬರಬೇಕು. ಹೊಸದಾಗಿ ಗೆದ್ದವರು ಮೈಕು ಹಿಡಿದು ಮಾತಾಡುವುದನ್ನು ಬೇಗ ಕಲಿಯುತ್ತಾರೆ. ಅಜೆಂಡಾದ ಹಿಂದೆ ಪಿನ್ ಮಾಡಿರುವ ಅನುಬಂಧ ಓದುವುದನ್ನು ತಡವಾಗಿ ಕಲಿಯುತ್ತಾರೆ. ಇರುವುದೆಲ್ಲ ಅನುಬಂಧದಲ್ಲೇ.

ದುಡ್ಡಿಗೂ ಗುರುತು ಹಾಕಿರುತ್ತದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ಕಾಂಕ್ರೀಟ್ ರಸ್ತೆ ಹಾಕಿಸುವಂತಿರಲಿಲ್ಲ. ಇದಲ್ಲದೆ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ತೆಗೆದಿಡಬೇಕು. ಇದು ಸರಿಯಾದ ಕ್ರಮವೇ, ಖರ್ಚಾಗದೆ ಉಳಿಸಿಕೊಳ್ಳುವುದು ತಪ್ಪು. "ಟ್ಯಾಕ್ಸ್ ಕಟ್ಟಿಲ್ವೇನ್ರೀ" ಎಂದು ಕೇಳುವವರ ರಸೀದಿಯಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರ ಅಂತ ಸೆಸ್ ಇರುತ್ತದಲ್ಲ, ಅದನ್ನು ನಾವು ವಸೂಲಿ ಮಾಡಿ ಬೇರೆಡೆ ಕಟ್ಟಬೇಕು. ಇನ್ನು ಪೌರಕಾರ್ಮಿಕರು: 700 ಜನಕ್ಕೆ ಒಬ್ಬರು ಅನ್ನುವುದು ಸರ್ಕಾರದ ಮಾನದಂಡ. ಆದರೆ ಜನ ಎಷ್ಟೆಂದು ಲೆಕ್ಕ ಹಿಡಿಯುವುದು 2011ರ ಜನಗಣತಿಯಿಂದ. ಆಮೇಲೆ ಎದ್ದ ಬಡಾವಣೆಗಳ ಕಸವನ್ನೂ ಅದೇ ಕೈಗಳು ಎತ್ತಬೇಕು.

ಆದರೂ ಹಣವಿಲ್ಲದೆ ಆಗುವ ಕೆಲಸಗಳಿವೆ. ನಮ್ಮ ವಾರ್ಡಿನಲ್ಲಿ ಇಳಿಜಾರಿನ ಒಂದು ಬೀದಿ ಇದೆ. ಓವರ್‌ಹೆಡ್ ಟ್ಯಾಂಕಿನಿಂದ ನೀರು ಬಿಟ್ಟ ಕೂಡಲೇ ಕೆಳಗಿನ ಮನೆಗಳಿಗೆ ಜೋರಾಗಿ ಬರುತ್ತದೆ, ಅದರ ಮೇಲೆ ಅವರು ಪೈಪಿಗೇ ಮೋಟಾರ್ ಹಚ್ಚುತ್ತಾರೆ. ಮೇಲಿನ ಮನೆಗಳ ನಲ್ಲಿಯಲ್ಲಿ ಬುಸ್ ಅಂತ ಗಾಳಿ ಮಾತ್ರ. ಹೊಸ ಪೈಪ್‌ಲೈನ್ ಹಾಕಿಸಿ ಎಂದು ಎಲ್ಲರ ಒತ್ತಾಯ, ಇಂಜಿನಿಯರ್ ಎಸ್ಟಿಮೇಟನ್ನೂ ತಯಾರು ಮಾಡಿದ್ದರು. ನೀರು ಬಿಡುವ ವಾಲ್ವ್‌ಮನ್ ಒಂದು ದಿನ ಛೇಂಬರಿನ ಕಲ್ಲು ಸರಿಸಿ, ವಾಲ್ವ್ ತಿರುಗಿಸುವ ಕೀಲಿ ಹಾಕಿ ತೋರಿಸಿದರು. "ಪೈಪ್ ಸರಿಯಾಗೇ ಇದೆ ಸಾರ್. ಕೆಳಗಿನ ವಾಲ್ವ್ ಪೂರ್ತಿ ಬಂದ್ ಮಾಡಿ ಮೊದಲು ಮೇಲಿನೋರಿಗೆ ಬಿಡ್ಬೇಕು. ಆಮೇಲೆ ಇದನ್ನ ನಾಲ್ಕು ಸುತ್ತು ಬಿಚ್ಚಿದ್ರೆ ಸಾಕು. ಯಾರಾದ್ರೂ ಹೇಳಿದ್ರೆ ಮಾಡ್ತೀನಿ, ನಾನಾಗೇ ಮಾಡಿದ್ರೆ ಹೊಡೆಯೋಕೆ ಬರ್ತಾರೆ."

ಆ ಮಾತು ಹೇಳುವುದು ಸದಸ್ಯನ ಕೆಲಸ, ಬೈಗುಳ ತಿನ್ನುವುದೂ ಅವನದೇ. ಕೆಳಗಿನ ಬೀದಿಯವರು ಮನೆಗೇ ಬಂದರು. ನೀರಿನ ಸಮಯ ಅರ್ಧ ಗಂಟೆ ಹಿಂದೆ ಮುಂದೆ ಮಾಡಿ, ಹಬ್ಬದ ದಿನಗಳಲ್ಲಿ ಇಬ್ಬರಿಗೂ ಪೂರ್ತಿ ಬಿಡುವುದೆಂದು ಒಪ್ಪಿಸಬೇಕಾಯಿತು. ಕೆಲವು ಊರುಗಳಲ್ಲಿ ಮೋಟಾರ್ ತಡೆಯಲು ನೀರು ಬಿಡುವ ಹೊತ್ತಿಗೆ ಕರೆಂಟನ್ನೇ ತೆಗೆಸುತ್ತಾರೆ. ಪರೀಕ್ಷೆ ಓದುವ ಮಕ್ಕಳಿರುವ ಮನೆಯವರ ಶಾಪ ಯಾರಿಗೆ ಬೇಕು?

ಇಂಥ ತೀರ್ಮಾನಗಳಿಗೆ ಕೂತು ಮಾತಾಡುವ ಸಭೆ ಬೇಕು, ಸಭೆಗೆ ಅಧ್ಯಕ್ಷರು ಬೇಕು. 2018ರ ಆಗಸ್ಟಿನಲ್ಲಿ ಮತದಾನ ನಡೆದ ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳಲ್ಲಿ ಮೀಸಲಾತಿ ಪಟ್ಟಿ ಕೋರ್ಟು ಹತ್ತಿ, ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಯಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳದ್ದೇ ಆಡಳಿತ. ಗೆದ್ದವರು ಹಾರ ಹಾಕಿಸಿಕೊಂಡು ಮನೆಯಲ್ಲಿದ್ದರು. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಮಗೆ 18 ವಿಷಯಗಳಿವೆ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅವು ನಮ್ಮ ಕೈಗೆ ಬರಬಹುದು ಎಂದಷ್ಟೇ ಅಲ್ಲಿರುವುದು. ಎಷ್ಟು ಕೊಡಬೇಕೆಂಬುದು ರಾಜ್ಯಕ್ಕೆ ಬಿಟ್ಟದ್ದು.

ಓದುಗರಲ್ಲಿ ಅರ್ಜಿ ಹಿಡಿದು ಬರುವವರಿಗೆ ಎರಡು ಮಾತು. ಬೀದಿದೀಪಕ್ಕಾದರೆ ಕಂಬದ ಮೇಲಿನ ನಂಬರ್ ಬರೆಯಿರಿ, ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಂಬರಿದ್ದ ಕಾಗದವನ್ನು ಸಭೆಯಲ್ಲಿ ಎತ್ತಿ ಕೇಳುವುದು ನನಗೆ ಸುಲಭ. ರಸ್ತೆ, ಚರಂಡಿ ಬೇಕಿದ್ದರೆ ಮಳೆ ಬಂದು ನೀರು ನುಗ್ಗಿದ ಮೇಲಲ್ಲ, ಬಜೆಟ್ ಪೂರ್ವಭಾವಿ ಸಭೆಗೆ ಬನ್ನಿ. ಅದರ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಬಂದು ಮಾತಾಡುವವರು ಕಡಿಮೆ, ಹಾಗಾಗಿ ಬಂದವರ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ.