ಕಾರ್ಡ್ ಸುಟ್ಟಿಲ್ಲ, ಮೊದಲು ಅದರ ನಂಬರ್ ನೋಡಿ

ವಿಂಡೋಸ್ ಅಪ್‌ಗ್ರೇಡ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಪಕ್ಕದ ಸ್ಲಾಟಿಗೆ ತೂರಿಸುವ ಕಾರ್ಡ್ ಕೈಕೊಟ್ಟರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವ ತೀರ್ಪು ಒಂದೇ: "ಕಾರ್ಡ್ ಸುಟ್ಟೈತ್ರಿ, ಹೊಸಾದು ತಗೋರಿ." ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ರೆಕಾರ್ಡ್ ಮಾಡುವ ಗೆಳೆಯನೊಬ್ಬ ಅಂಗಡಿಯಲ್ಲಿ ಇದನ್ನೇ ಕೇಳಿಸಿಕೊಂಡು ಬಂದ. ಮನೆಯಲ್ಲಿ ಇನ್ನೊಂದು ಕಾರಣ ರೆಡಿ ಇತ್ತು, ಅಮಾವಾಸ್ಯೆ ದಿನ ಅಪ್‌ಗ್ರೇಡ್ ಮಾಡಿದ್ದು! ಖಂಡೆ ಪೂಜೆಗೆ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿ, ನನ್ನದೇನೂ ತಕರಾರಿಲ್ಲ. ಆದರೆ ಸಾಫ್ಟ್‌ವೇರ್ ಬದಲಾದರೆ ಕಾರ್ಡ್ ಯಾಕೆ ಸುಡಬೇಕು ಅಂತ ಯಾರಾದರೂ ಕೇಳಬೇಕಲ್ವಾ?

ಅವನದು 34 ಮಿಲಿಮೀಟರ್ ಅಗಲದ ಎಕ್ಸ್‌ಪ್ರೆಸ್‌ಕಾರ್ಡ್. 1990ರ ಪಿಸಿಎಂಸಿಐಎ ಎಂಬ ಲ್ಯಾಪ್‌ಟಾಪ್ ಕಾರ್ಡುಗಳ ಮೊಮ್ಮಗ, 2003ರಲ್ಲಿ ಬಂದದ್ದು. ಅದರಿಂದ ಫೈರ್‌ವೈರ್ (ಯುಎಸ್‌ಬಿ ಥರದ್ದೇ ಇನ್ನೊಂದು ಸಂಪರ್ಕ) ಕೇಬಲ್, ಮೈಕಿನ ಧ್ವನಿಯನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆಗೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಈಗ ಬರುತ್ತದೆ. ಲ್ಯಾಪ್‌ಟಾಪ್ ಆನ್ ಆದಾಗ ಒಳಗೆ ಶಾಲೆಯ ಹಾಜರಿಯ ಥರ ಒಂದು ಕೆಲಸ ನಡೆಯುತ್ತದೆ. ಪ್ರತಿ ಜಾಗಕ್ಕೂ "ನೀನು ಯಾರು?" ಅಂತ ಪ್ರಶ್ನೆ ಹೋಗುತ್ತದೆ, ಅಲ್ಲಿರುವ ಚಿಪ್ ತನ್ನ ಕಂಪನಿ ನಂಬರ್ ಮತ್ತು ಮಾದರಿ ನಂಬರ್ ಹೇಳುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಆದರೆ 104ಸಿ. ಇಂಟೆಲ್ ಕಂಪನಿ ತನಗೆ 8086 ಅಂತಲೇ ಇಟ್ಟುಕೊಂಡಿದೆ, 1978ರ ತನ್ನ ಹೆಸರಾಂತ ಚಿಪ್ಪಿನ ನಂಬರ್ ಅದು! ಜಾಗ ಖಾಲಿ ಇದ್ದರೆ ಉತ್ತರವೇ ಬರುವುದಿಲ್ಲ, ಆಗ ಎಲ್ಲ ಬಿಟ್‌ಗಳೂ '1' ಆಗಿ ಎಫ್‌ಎಫ್‌ಎಫ್‌ಎಫ್ ಅಂತ ಓದಿಸಿಕೊಳ್ಳುತ್ತದೆ. ಅದಕ್ಕೇ ಆ ನಂಬರನ್ನು ಯಾವ ಕಂಪನಿಗೂ ಕೊಟ್ಟಿಲ್ಲ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆಗೆದು, ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿ ನೋಡಿದೆವು. 104ಸಿ ಕಾಣಿಸಿತು. ಚಿಪ್ ಹಾಜರಿ ಹೇಳಿದೆ ಅಂದಮೇಲೆ ಸುಟ್ಟ ಮಾತನ್ನು ಪಕ್ಕಕ್ಕಿಡಬಹುದು. ತೊಂದರೆ ಇದೆ ಅಂತ ಹೇಳುವ ಹಳದಿ ಗುರುತೂ ಇರಲಿಲ್ಲ. ಆದರೂ ರೆಕಾರ್ಡಿಂಗ್‌ನಲ್ಲಿ ತಂಬೂರಿ ನಡುವೆ ಟಕ್ ಟಕ್ ಸದ್ದು.

ಫೈರ್‌ವೈರ್‌ನಲ್ಲಿ ಸೆಕೆಂಡಿಗೆ 8000 ಸಲ, ಅಂದರೆ 125 ಮೈಕ್ರೋಸೆಕೆಂಡಿಗೊಮ್ಮೆ, ಧ್ವನಿಗೆ ಜಾಗ ಕಾದಿರಿಸಿರುತ್ತದೆ. ತಪ್ಪಿದ ತುಣುಕನ್ನು ಮತ್ತೆ ಕಳಿಸುವ ಏರ್ಪಾಡಿಲ್ಲ. ಹಾಗಾಗಿ ಇದನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಸ್ವಲ್ಪ ಬದಲಾದರೂ ಕಿವಿಗೆ ಗೊತ್ತಾಗಬಹುದು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಹೊಸ ಫೈರ್‌ವೈರ್ ಡ್ರೈವರ್ ತಂದರೂ ಹಳೆಯದನ್ನೂ ಜೊತೆಗಿಟ್ಟಿತ್ತು. 8ರಿಂದ ಹಳೆಯದನ್ನು ತೆಗೆದುಹಾಕಿತು. ಗೆಳೆಯ 7ರಲ್ಲಿ ಹಳೆಯದನ್ನೇ ಹಾಕಿಕೊಂಡಿದ್ದ, 10ಕ್ಕೆ ಹೋದಾಗ ಸದ್ದಿಲ್ಲದೆ ಹೊಸದು ಬಂದು ಕೂತಿತ್ತು. ಅವನ ಪೆಟ್ಟಿಗೆಯ ಸಾಫ್ಟ್‌ವೇರ್ ಹಳೆಯದರ ಜೊತೆ ಪಳಗಿದ್ದು.

ಮೈಕ್ರೋಸಾಫ್ಟ್ ಆ ಹಳೆಯ ಡ್ರೈವರನ್ನು ಆಮೇಲೆ ಬೇರೆಯಾಗಿ ಬಿಟ್ಟಿತ್ತು. ಅದನ್ನು ಹಾಕಿ, ಅಪ್‌ಡೇಟ್ ಡ್ರೈವರ್‌ಗೆ ಹೋಗಿ, ಪಟ್ಟಿಯಿಂದ 'ಲೆಗಸಿ' ಅಂತಿರುವುದನ್ನು ನಾವೇ ಆರಿಸಬೇಕು. ಸುಮ್ನೆ ಆಟೊಮ್ಯಾಟಿಕ್ ಒತ್ತಿದರೆ ವಿಂಡೋಸ್ ಹೊಸದೇ ಚೆನ್ನಾಗಿದೆ ಅನ್ನುತ್ತದೆ. ಟಕ್ ಟಕ್ ನಿಂತಿತು.

ನಿಮ್ಮ ಕಾರ್ಡಿನ ನಂಬರೇ ಕಾಣಿಸದಿದ್ದರೆ ಕತೆ ಬೇರೆ. ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಡಿ. ಅಲ್ಲಿ ಕಂಡರೆ ತಪ್ಪು ವಿಂಡೋಸ್ ಕಡೆಯದು. ಅಲ್ಲೂ ಇಲ್ಲವೆಂದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಸ್ಲಾಟ್ ಆಫ್ ಆಗಿದೆಯಾ ನೋಡಿ, ಕಾರ್ಡ್ ತೆಗೆದು ಒರೆಸಿ ಮತ್ತೆ ಹಾಕಿ. ಅಂಗಡಿಗೆ ಹೋಗುವುದು ಆಮೇಲೆ.