ಏಕಮಾನ ಬೆಲೆ: ‘ಕಿಲೋಗೆ ಎಷ್ಟು’ ಎಂಬ ಲೆಕ್ಕ

ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ತೊಗರಿ ಬೇಳೆ ಕೊಳ್ಳಲು ಬಂದವರು ಮೊದಲು ಕೇಳುವುದೇ ‘ಕಿಲೋಕ್ಕ ಎಷ್ಟ್ರೀ?’ ಎಂದು. ಒಂದು ಕಿಲೋಗೆ, ಒಂದು ಲೀಟರ್‌ಗೆ ಇಷ್ಟು ಎಂದು ಬೀಳುವ ಈ ದರವೇ ಏಕಮಾನ ಬೆಲೆ. ಕೊಟ್ಟ ದುಡ್ಡನ್ನು ತೂಕದಿಂದ ಭಾಗಿಸಿದರೆ ಸಿಗುತ್ತದೆ.

ಶಾಲೆಯ ಲೆಕ್ಕ ಹೀಗಿರುತ್ತದೆ: 800 ಗ್ರಾಂ ಬೇಳೆಗೆ 124 ರೂಪಾಯಿ, 3 ಕಿಲೋಗೆ ಎಷ್ಟು? 124ನ್ನು 0.8ರಿಂದ ಭಾಗಿಸಿ, ಕಿಲೋಗೆ 155. ಮೂರು ಕಿಲೋಗೆ 465. ಸಮಾನುಪಾತದಲ್ಲಿ ಬರೆದರೂ ಇದೇ ಉತ್ತರ. ದರ ಬದಲಾಗದಿದ್ದರೆ ತೂಕ ಎಷ್ಟು ಪಟ್ಟು ಹೆಚ್ಚುತ್ತದೋ ದುಡ್ಡೂ ಅಷ್ಟೇ ಪಟ್ಟು, ಅಲ್ವಾ? ಹಾಗಾಗಿ 800 : 124 = 3000 : ಕ್ಷ. ಅಂತ್ಯ ಪದಗಳ (800, ಕ್ಷ) ಗುಣಲಬ್ಧ ಮಧ್ಯ ಪದಗಳ (124, 3000) ಗುಣಲಬ್ಧಕ್ಕೆ ಸಮ.

ಮಕ್ಕಳು ಎಡವುವುದು ಗುಣಾಕಾರದಲ್ಲಿ ಅಲ್ಲ, ಮಾನದಲ್ಲಿ. ಒಂದು ಕಡೆ 800 ಗ್ರಾಂ, ಇನ್ನೊಂದು ಕಡೆ ಸುಮ್ನೆ 3 ಎಂದು ಬರೆದರೆ ಮೂರು ಕಿಲೋ ಬೇಳೆ 46 ಪೈಸೆಗೆ ಬರುತ್ತದೆ! ಆ ದರಕ್ಕೆ ಸಿಕ್ಕರೆ ನಾನೂ ಒಂದು ಚೀಲ ತರುತ್ತೇನೆ.

ದೊಡ್ಡವರಿಗೂ ಇದೇ ಬಲೆ ಪ್ಯಾಕೆಟ್ ಮೇಲಿದೆ. ಪ್ಯಾಕೆಟ್ ಸರಕಿನ 2011ರ ನಿಯಮಗಳಿಗೆ ಆಮೇಲೆ ಮಾಡಿದ ತಿದ್ದುಪಡಿಯಂತೆ, ಎಂಆರ್‌ಪಿ ಜೊತೆಗೆ ಏಕಮಾನ ಬೆಲೆಯನ್ನೂ ಅಚ್ಚು ಹಾಕಬೇಕು. ಆದರೆ ಕಿಲೋಗಿಂತ ಚಿಕ್ಕ ಪ್ಯಾಕೆಟ್‌ಗೆ ಗ್ರಾಂ ಲೆಕ್ಕ, ದೊಡ್ಡದಕ್ಕೆ ಕಿಲೋ ಲೆಕ್ಕ. ಅದೂ ಎರಡು ದಶಮಾಂಶಕ್ಕೆ ಮಾತ್ರ. ಅರ್ಧ ಕಿಲೋ ಪ್ಯಾಕೆಟ್‌ಗೆ 82 ರೂಪಾಯಿ ಎಂದುಕೊಳ್ಳಿ. ಗ್ರಾಂಗೆ 0.164 ಆಗುತ್ತದೆ, ಅಚ್ಚಾಗುವುದು 0.16. ಅದನ್ನು ನೋಡಿದವರು ಕಿಲೋಗೆ 160 ಎಂದುಕೊಳ್ಳುತ್ತಾರೆ. ನಿಜವಾದ ದರ 164. ನಾಲ್ಕು ರೂಪಾಯಿ ಅಲ್ಲೇ ಮಾಯ. ಅದಕ್ಕೇ ಎಂಆರ್‌ಪಿ ಹಿಡಿದು ನಾವೇ ಭಾಗಿಸುವುದು ವಾಸಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂಬುದನ್ನೂ ನಂಬಬೇಡಿ, ಭಾಗಿಸಿ ನೋಡಿ.

ಇನ್ನೊಂದು ಮಾತು, ಇದು ನಮ್ಮ ತೊಗರಿ ಸೀಮೆಗೇ ಸೇರಿದ್ದು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ, ಅಂದರೆ ಕಿಲೋಗೆ 80. ‘ಮತ್ತೆ ಬೇಳೆ ಯಾಕೆ ಅಷ್ಟು ಜಾಸ್ತಿ?’ ಎಂದು ಕೇಳುವವರು ಕಾಳಿನ ಕಿಲೋವನ್ನೂ ಬೇಳೆಯ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ. ಮಿಲ್‌ನಲ್ಲಿ ಒಂದು ಕ್ವಿಂಟಲ್ ಒಡೆಸಿದಾಗ 70 ಕಿಲೋ ಬೇಳೆ ಬಂತು ಎಂದಿಟ್ಟುಕೊಳ್ಳಿ. ಆಗ ಭಾಗಿಸಬೇಕಾದದ್ದು 100ರಿಂದ ಅಲ್ಲ, 70ರಿಂದ. ಕಿಲೋ ಬೇಳೆಗೆ ಕಾಳಿನ ಖರ್ಚೇ ಸುಮಾರು 114 ರೂಪಾಯಿ ಬಿತ್ತು. ಇದಕ್ಕೆ ಮಿಲ್ ಕೂಲಿ, ಸಾಗಣೆ ಕೂಡಿಸಿ, ಹೊಟ್ಟು ನುಚ್ಚು ಮಾರಿ ಬಂದ ದುಡ್ಡು ಕಳೆಯಿರಿ.