ಜೋಡಿ ಎಂದು ತಂದ ಗಿನಿಪಿಗ್

ಧಾರವಾಡದ ನನ್ನ ಪರಿಚಿತರೊಬ್ಬರು ಮಗಳ ಹಟಕ್ಕೆ ಮಣಿದು ಹುಬ್ಬಳ್ಳಿಯ ಅಂಗಡಿಯೊಂದರಿಂದ ಇಲಿಯ ಬಳಗದ ಪುಟ್ಟ ಸಾಕುಪ್ರಾಣಿಗಳಾದ ಎರಡು ಗಿನಿಪಿಗ್ ತಂದರು. "ಜೋಡಿ ಒಯ್ಯಿರಿ, ಒಂಟಿ ಇದ್ರ ಬ್ಯಾಸರ ಮಾಡ್ಕೋತಾವ" ಎಂದು ಅಂಗಡಿಯಾತ ಹೇಳಿದ್ದನಂತೆ. ಒಂಟಿತನದ ಮಾತು ನಿಜ. ಗುಂಪಿನಲ್ಲಿ ಬಾಳುವ ಈ ಪ್ರಾಣಿಯನ್ನು ಒಂಟಿಯಾಗಿ ಸಾಕಬಾರದೆಂದು 2008ರಲ್ಲಿ ಸ್ವಿಟ್ಜರ್ಲೆಂಡ್ ನಿಯಮವನ್ನೇ ಮಾಡಿತು. ಆದರೆ ಜೊತೆಗಿರಲು ಒಂದು ಗಂಡು, ಒಂದು ಹೆಣ್ಣೇ ಬೇಕೆಂದಿಲ್ಲ, ಎರಡು ಹೆಣ್ಣುಗಳೂ ಸುಖವಾಗಿರುತ್ತವೆ. ಪಾರಿವಾಳ ಸಾಕಿದ ರೂಢಿಯಿಂದಲೋ ಏನೋ, ನಮಗೆ ಜೋಡಿ ಎಂದರೆ ಗಂಡು-ಹೆಣ್ಣೇ.

ಎರಡು ತಿಂಗಳಾಗುವಷ್ಟರಲ್ಲಿ, ಒಂದು ಬೆಳಿಗ್ಗೆ ಆ ಪಂಜರದಲ್ಲಿ ಐದು ಪ್ರಾಣಿಗಳಿದ್ದವು. ರಾತ್ರಿ ಯಾರೋ ತಂದು ಬಿಟ್ಟಿದ್ದಾರೆಂದೇ ಮನೆಯವರು ಭಾವಿಸಿದರಂತೆ. ಅದರಲ್ಲಿ ಅವರ ತಪ್ಪಿಲ್ಲ. ಇಲಿಯ ಬಸಿರು ಮೂರು ವಾರಗಳಲ್ಲಿ ಮುಗಿದರೆ ಗಿನಿಪಿಗ್‌ನದು 59ರಿಂದ 72 ದಿನಗಳವರೆಗೆ ನಡೆಯುತ್ತದೆ. ಹೀಗಾಗಿ ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣು, ಬೆಳೆದ ಹಲ್ಲುಗಳೊಂದಿಗೆ ಹುಟ್ಟಿ, ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ, ಮರುದಿನವೇ ಹುಲ್ಲು ಕಡಿದು ನೋಡುತ್ತವೆ.

ಮರಿಗಳ ಈ ಚುರುಕುತನದ ಬೆಲೆಯನ್ನು ತಾಯಿ ತೆರುತ್ತದೆ. ಸುಮಾರು 800 ಗ್ರಾಂ ತೂಗುವ ಹೆಣ್ಣು, ತಲಾ 60ರಿಂದ 100 ಗ್ರಾಂ ತೂಗುವ ಮೂರು-ನಾಲ್ಕು ಮರಿಗಳನ್ನು ಹೊರಬೇಕು. ಕೊನೆಯ ವಾರಗಳಲ್ಲಿ ಹೊಟ್ಟೆಯ ಮೇಲೆ ಹಗುರಾಗಿ ಕೈಯಿಟ್ಟರೆ ಮರಿಗಳು ಹೊರಳುವುದು ಬೆರಳಿಗೆ ತಿಳಿಯುತ್ತದೆ. ಇಷ್ಟು ದೊಡ್ಡ ತಲೆಗಳು ಹೊರಬರಲು ಸೊಂಟದ ಮುಂದಿನ ಎರಡು ಮೂಳೆಗಳು ಬೇರೆಯಾಗಬೇಕು. ರಿಲಾಕ್ಸಿನ್ ಎಂಬ ಹಾರ್ಮೋನು ಅವುಗಳ ನಡುವಿನ ಬೆಸುಗೆಯನ್ನು ಸಡಿಲಿಸಿ, ಹೆರಿಗೆಯ ಹೊತ್ತಿಗೆ ಸುಮಾರು ಎರಡು ಸೆಂಟಿಮೀಟರ್ ಅಂತರ ಮಾಡುತ್ತದೆ. ಆರೇಳು ತಿಂಗಳ ವಯಸ್ಸಿನೊಳಗೆ ಒಮ್ಮೆಯೂ ಹೆರದ ಹೆಣ್ಣಿನಲ್ಲಿ ಆ ಬೆಸುಗೆ ಗಟ್ಟಿಯಾಗಿಬಿಡುವ ಅಪಾಯವಿದೆಯೆಂದು ಪಶುವೈದ್ಯರು ಎಚ್ಚರಿಸುತ್ತಾರೆ. ಆಗ ಸಿಸೇರಿಯನ್ ಒಂದೇ ದಾರಿ, ಅದರಲ್ಲಿಯೂ ತಾಯಿ ಉಳಿಯುವ ಭರವಸೆ ಕಡಿಮೆ. ಎಮ್ಮೆ, ಎತ್ತು, ನಾಯಿಗಳಲ್ಲಿ ಪಳಗಿದ ನಮ್ಮ ಊರುಗಳ ವೈದ್ಯರ ಪೈಕಿ ನಡುರಾತ್ರಿ ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯಬಲ್ಲವರು ಎಷ್ಟು ಜನರಿದ್ದಾರು? "ಹಾಗಿದ್ದರೆ ಬೇಗನೆ ಒಂದು ಸಲ ಮರಿ ಹಾಕಿಸಿಬಿಡೋಣ" ಎಂಬ ತರ್ಕವನ್ನೂ ಕೇಳಿದ್ದೇನೆ. ಗಂಡಿನ ಜೊತೆ ಬಿಡದ ಹೆಣ್ಣಿಗೆ ಈ ಅಪಾಯವೇ ಇಲ್ಲ ಎಂಬುದು ಆ ತರ್ಕಕ್ಕೆ ಹೊಳೆಯುವುದಿಲ್ಲ.

ಕೊಬ್ಬಿದ ಹೆಣ್ಣಿಗೆ ಇನ್ನೊಂದು ಗಂಡಾಂತರವಿದೆ. ಬಸಿರಿನ ಕೊನೆಯ ವಾರಗಳಲ್ಲಿ ಅದು ಎರಡು ಹೊತ್ತು ಮೇವು ಬಿಟ್ಟರೆ ಸಾಕು, ದೇಹ ತನ್ನ ಕೊಬ್ಬನ್ನೇ ಅವಸರದಲ್ಲಿ ಕರಗಿಸತೊಡಗಿ ರಕ್ತ ವಿಷವಾಗುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು. ಸೆಕೆಯೂ ಮೇವು ಬಿಡಿಸುತ್ತದೆ. ಆಂಡಿಸ್ ಪರ್ವತಗಳ ತಂಪಿನಲ್ಲಿ ಪಳಗಿದ ಈ ಪ್ರಾಣಿ 28-30 ಡಿಗ್ರಿಗೇ ಸೋಲುವಾಗ, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಪತ್ರಾಸಿನ ಕೆಳಗಿಟ್ಟ ಪಂಜರದ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಸಾಲದ್ದಕ್ಕೆ, ನಮ್ಮಂತೆಯೇ ಇದಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಕಾಳು ತಿನ್ನಿಸಿದ ಗಿನಿಪಿಗ್‌ಗಳಲ್ಲಿ, ಈ ವಿಟಮಿನ್ನಿನ ಕೊರತೆಯಿಂದ ಬರುವ ಸ್ಕರ್ವಿ ರೋಗ ಕಾಣಿಸಿಕೊಂಡದ್ದನ್ನು ವರದಿ ಮಾಡಿದ್ದರು. ಬಸಿರಿಯ ಅಗತ್ಯ ಉಳಿದವುಗಳ ಸುಮಾರು ಮೂರರಷ್ಟು, ಹೀಗಾಗಿ ಡೊಣ್ಣ ಮೆಣಸಿನಕಾಯಿಯ ತುಂಡು ದಿನವೂ ಬೇಕು.

ಬಣ್ಣದ ಮಾತೂ ಇದೆ. ಬಣ್ಣದ ಕೂದಲಿನ ನಡುವೆ ಬಿಳಿ ಕೂದಲು ಎಳೆಎಳೆಯಾಗಿ ಬೆರೆತ ರೋನ್ ಎಂಬ ಬಗೆ ನೋಡಲು ಚೆಂದ, ಆದರೆ ಅಂಥ ಎರಡನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಅಚ್ಚ ಬಿಳಿಯಾಗಿ, ಕಣ್ಣಿಲ್ಲದೆ ಅಥವಾ ಕುರುಡಾಗಿ, ಕೆಟ್ಟ ಹಲ್ಲುಗಳೊಂದಿಗೆ ಹುಟ್ಟುತ್ತದೆ. ಅಂಗಡಿಯಲ್ಲಿ ಅಜ್ಜ-ಅಜ್ಜಿಯರ ಬಣ್ಣವನ್ನು ಯಾರೂ ಬರೆದಿಡುವುದಿಲ್ಲ.

ಪರಿಚಿತರ ಮನೆಯ ತಾಯಿ ಬದುಕಿತು, ಮರಿಗಳೂ ಬದುಕಿದವು. ಆದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಗಂಡನ್ನು ಬೇರೆ ಮಾಡಿರಲಿಲ್ಲ. ಎರಡನೆಯ ಸಲ ನಾಲ್ಕು ಮರಿಗಳಾದವು. ನೆರೆಹೊರೆಯವರು ಮೊದಲ ಮೂರನ್ನು ಒಯ್ದಿದ್ದರು, ನಾಲ್ಕನ್ನು ಕೇಳುವವರಿರಲಿಲ್ಲ. ಕಡೆಗೆ ಒಂದು ಬುಟ್ಟಿಯಲ್ಲಿ ಅವನ್ನು ಹುಬ್ಬಳ್ಳಿಯ ಅದೇ ಅಂಗಡಿಗೆ ಕೊಟ್ಟು ಬಂದರು. ನನ್ನ ದೃಷ್ಟಿಯಲ್ಲಿ ಮನೆಯಲ್ಲಿ ಮರಿ ಮಾಡಿಸುವವರ ನಿಜವಾದ ನೈತಿಕ ಪ್ರಶ್ನೆ ಇರುವುದು ಆ ಬುಟ್ಟಿಯಲ್ಲಿ. ಹೆಣ್ಣುಮರಿ ನಾಲ್ಕೈದು ವಾರಕ್ಕೇ ಬಸಿರಾಗಬಲ್ಲದು. ಮೂರು ವಾರಕ್ಕೆ ಗಂಡುಮರಿಗಳನ್ನು ಬೇರ್ಪಡಿಸದಿದ್ದರೆ ಒಡಹುಟ್ಟಿದವೇ ಕೂಡುತ್ತವೆ. ಆ ಅಂಗಡಿಯಲ್ಲಿ ಅವು ಮತ್ತೊಂದು ಮನೆಗೆ 'ಜೋಡಿ'ಯಾಗಿಯೇ ಹೋಗಿರಬಹುದು.

ಗಂಡಿನ ಬೀಜ ಈಗ ತೆಗೆಸಿದ್ದಾರೆ. ಶಸ್ತ್ರಚಿಕಿತ್ಸೆಯ ಬಳಿಕವೂ ನಾಲ್ಕಾರು ವಾರ ಅದು ಮರಿ ಹುಟ್ಟಿಸಬಲ್ಲುದಾದ್ದರಿಂದ, ವರಾಂಡದಲ್ಲಿ ಎರಡು ಪಂಜರಗಳನ್ನು ಒಂದಕ್ಕೊಂದು ತಾಗಿಸಿಟ್ಟಿದ್ದಾರೆ. ಕಳೆದ ವಾರ ಹೋದಾಗ ಗಂಡು, ಹೆಣ್ಣು ಎರಡೂ ತಂತಿಜಾಲರಿಯ ಆಚೀಚೆ ಮೈ ಒತ್ತಿಕೊಂಡು ಮಲಗಿದ್ದವು.